ಚಂದ್ರಗಿರಿಯಿಂದ ತಲಪಾಡಿಯವರೆಗೆ: ಮರುಮುದ್ರಣಗೊಂಡ ಗ್ರಂಥಗಳ ಹಾದಿ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯ ಸೀಮೆಯಲ್ಲಿ ಪಯಸ್ವಿನಿ ಎನಿಸಿಕೊಂಡು, ಕಾಸರಗೋಡು ಪಟ್ಟಣದ ದಕ್ಷಿಣಕ್ಕೆ ಕಡಲನ್ನು ಸೇರುವ ಹೊಳೆಯೇ ಚಂದ್ರಗಿರಿ. ಅದರ ತೆಂಕಣ ದಡದ ದಿಬ್ಬದ ಮೇಲೆ ಕೆಳದಿಯ ಶಿವಪ್ಪನಾಯಕನ ಕಾಲದ್ದೆನ್ನಲಾದ ಕೋಟೆಯಿದೆ. ಕೆಂಪು ಮುರಕಲ್ಲಿನ ಆ ಗೋಡೆಗಳ ಮೇಲಿನಿಂದ ನೋಡಿದರೆ ಹೊಳೆಯ ಬಾಗು, ಅಳಿವೆ, ತೆಂಗಿನ ತೋಟಗಳ ನಡುವೆ ಸಾಗುವ ರೈಲುಹಾದಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. 1801ರ ಆರಂಭದಲ್ಲಿ ಮಲಬಾರಿನಿಂದ ಉತ್ತರಾಭಿಮುಖವಾಗಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಹೊಳೆಯನ್ನು ದಾಟಿದನು. ಮಲಯಾಳ ದೇಶವು ಇಲ್ಲಿಗೆ ಮುಗಿದು ತುಳುವ ದೇಶವು ಇಲ್ಲಿಂದ ಮೊದಲಾಗುತ್ತದೆಂಬ ಸ್ಥಳೀಯರ ನಂಬಿಕೆಯನ್ನು ಅವನು ಗುರುತಿಸಿಕೊಂಡನು. ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು.

ನೂರರುವತ್ತಾರು ವರ್ಷಗಳ ಬಳಿಕ, 1967ರಲ್ಲಿ, ಮಹಾಜನ ಆಯೋಗವು ತನ್ನ ವರದಿಯಲ್ಲಿ ಇದೇ ಹೊಳೆಯನ್ನು ಗಡಿಯೆಂದು ಹೆಸರಿಸಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾಗದದಲ್ಲೇ ಉಳಿದ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಇಲ್ಲಿ ಹೇಳಹೊರಟಿರುವುದು ಗಡಿಯ ಕಥೆಯನ್ನಲ್ಲ, ಗ್ರಂಥಗಳ ಕಥೆಯನ್ನು. ಬುಕಾನನ್ನನ ಗ್ರಂಥವು ಮರುಮುದ್ರಣಗೊಂಡಿರದಿದ್ದರೆ ಅವನ ಸಾಕ್ಷ್ಯ ಕೆಲವೇ ದೊಡ್ಡ ಗ್ರಂಥಾಲಯಗಳ ಕಪಾಟುಗಳಲ್ಲಿ ಉಳಿದಿರುತ್ತಿತ್ತು. ಒಂದು ನಾಡು ತನ್ನ ಹೆಸರನ್ನು, ನುಡಿಯನ್ನು, ಎಲ್ಲೆಯನ್ನು ನೆನಪಿಟ್ಟುಕೊಳ್ಳಬೇಕಾದರೆ ಹಳೆಯ ಪುಸ್ತಕ ಕೈಗೆಟಕುವಂತಿರಬೇಕು. ಚಂದ್ರಗಿರಿಯಿಂದ ತಲಪಾಡಿಯವರೆಗಿನ ಈ ಕಿರಿದಾದ ಕರಾವಳಿಪಟ್ಟಿಗೆ ಸಂಬಂಧಿಸಿದ ಹತ್ತೊಂಬತ್ತನೆಯ ಶತಮಾನದ ಗ್ರಂಥಗಳು ಯಾವುವು, ಅವುಗಳನ್ನು ಬರೆದವರು ಯಾರು, ಮತ್ತೆ ಅಚ್ಚಿಗಿಳಿಸಿದವರು ಯಾರು, ಇನ್ನೂ ಯಾವುವು ಕಾದು ಕುಳಿತಿವೆ ಎಂಬುದನ್ನು ದಾರಿಯುದ್ದಕ್ಕೂ ನೋಡುತ್ತ ಸಾಗಬಹುದು.

ಎರಡು ಅಚ್ಚುಮನೆಗಳ ನಡುವಿನ ಊರು

ಕಾಸರಗೋಡು ಎಂಬ ಹೆಸರಿಗೆ ಎರಡು ವಿವರಣೆಗಳಿವೆ. ಸರೋವರವೆಂಬ ಅರ್ಥದ ಕಾಸಾರ ಶಬ್ದದಿಂದ ಅದು ಬಂದಿತೆನ್ನುವವರು ಕೆಲವರು. ಕಾಸರಕದ ಮರಗಳು ತುಂಬಿದ್ದ ಕೋಡು ಎನ್ನುವವರು ಇನ್ನು ಕೆಲವರು. ಅದೇ ಮರವನ್ನು ಮಲಯಾಳದಲ್ಲಿ ಕಾಞಿರ ಎನ್ನುವುದರಿಂದ ಊರಿಗೆ ಆ ನುಡಿಯಲ್ಲಿಯೂ ಅದಕ್ಕೊಪ್ಪುವ ಹೆಸರು ಹುಟ್ಟಿಕೊಂಡಿತು. ಮರ ಒಂದೇ, ಊರು ಒಂದೇ, ಕರೆಯುವ ಬಾಯಿಗಳು ಬೇರೆ. ಸಪ್ತಭಾಷಾ ಸಂಗಮಭೂಮಿ ಎಂದು ಈ ಜಿಲ್ಲೆಯನ್ನು ವೇದಿಕೆಗಳಲ್ಲಿ ಬಣ್ಣಿಸುವುದು ವಾಡಿಕೆಯಾಗಿದೆ. ಆದರೆ ಆ ಸಂಗಮದ ಮುದ್ರಿತ ಚರಿತ್ರೆಯನ್ನು ನೆನೆಯುವವರು ಕಡಿಮೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ಊರು ಎರಡು ಅಚ್ಚುಮನೆಗಳ ನಡುವೆ ಇತ್ತು. ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದನು. ಅದು ಕನ್ನಡದ ಮೊದಲ ಪತ್ರಿಕೆ. ದಕ್ಷಿಣಕ್ಕೆ ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ಹೆರ್ಮನ್ ಗುಂಡರ್ಟ್ 1847ರಲ್ಲಿ ‘ರಾಜ್ಯಸಮಾಚಾರ’ವನ್ನು ಆರಂಭಿಸಿದನು. ಅದು ಮಲಯಾಳದ ಮೊದಲ ಪತ್ರಿಕೆ. ಇಬ್ಬರೂ ಜರ್ಮನಿಯವರು, ಇಬ್ಬರೂ ಟ್ಯೂಬಿಂಗೆನ್ನಿನಲ್ಲಿ ಓದಿದವರು, ಇಬ್ಬರೂ ಬಾಸೆಲ್ ಮಿಶನ್ನಿನ ಕೆಲಸಕ್ಕೆ ಬಂದವರು. 1811ರಲ್ಲಿ ಜನಿಸಿದ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡಾಗ ಅವನ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದವನು ಗುಂಡರ್ಟನೇ. ಕನ್ನಡದ ಮೊದಲ ಪತ್ರಿಕೆಗೂ ಮಲಯಾಳದ ಮೊದಲ ಪತ್ರಿಕೆಗೂ ನಡುವೆ ನಾಲ್ಕು ವರ್ಷಗಳ ಅಂತರ ಮಾತ್ರ. ಎರಡೂ ಊರುಗಳನ್ನು ಬೆಸೆಯುವ ಕರಾವಳಿಯ ದಾರಿ ಹಾದುಹೋಗುವುದು ಕಾಸರಗೋಡಿನ ಮೇಲೆ.

ಈ ನಂಟು 1872ನೆಯ ಇಸವಿಯಲ್ಲಿ ಬೆರಗುಗೊಳಿಸುವ ರೀತಿಯಲ್ಲಿ ಒಂದೆಡೆ ಕೂಡಿಬರುತ್ತದೆ. ಆ ಒಂದೇ ವರ್ಷ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಮೂರು ಗ್ರಂಥಗಳು ಪ್ರಕಟವಾದವು. ಒಂದು, ಗುಂಡರ್ಟನ ಮಲಯಾಳ–ಇಂಗ್ಲಿಷ್ ನಿಘಂಟು. ಎರಡು, ಫರ್ಡಿನಾಂಡ್ ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’. ಮೂರು, ಬ್ರಿಗೆಲ್ ಎಂಬ ಪಾದ್ರಿ ಬರೆದ ತುಳು ವ್ಯಾಕರಣ. ಹತ್ತು ವರ್ಷಗಳ ಬಳಿಕ, 1882ರಲ್ಲಿ ಏಸುಸಭೆಯ ಪಾದ್ರಿ ಮಾಫೆಯಿ ಬರೆದ ಕೊಂಕಣಿ ವ್ಯಾಕರಣವೂ, 1883ರಲ್ಲಿ ಅವನ ಇಂಗ್ಲಿಷ್–ಕೊಂಕಣಿ ನಿಘಂಟೂ ಅದೇ ಅಚ್ಚುಮನೆಯಲ್ಲಿ ಮುದ್ರಣಗೊಂಡವು. 1886ರಲ್ಲಿ ಮ್ಯಾನರನ ತುಳು–ಇಂಗ್ಲಿಷ್ ನಿಘಂಟು ಬಂದಿತು. 1894ರಲ್ಲಿ ಎಲ್ಲಕ್ಕೂ ಕಲಶವಿಟ್ಟಂತೆ ಕಿಟ್ಟೆಲನ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು.

ಕನ್ನಡ, ತುಳು, ಮಲಯಾಳ, ಕೊಂಕಣಿ: ಕಾಸರಗೋಡಿನ ಪೇಟೆಯಲ್ಲಿ ದಿನವೂ ಕಿವಿಗೆ ಬೀಳುವ ಈ ನಾಲ್ಕು ನುಡಿಗಳ ವ್ಯಾಕರಣ ಹಾಗೂ ನಿಘಂಟುಗಳು ಇಪ್ಪತ್ತೆರಡೇ ವರ್ಷಗಳ ಅವಧಿಯಲ್ಲಿ ಒಂದೇ ಊರಿನಲ್ಲಿ ಅಚ್ಚಾದವು. ಆಗ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರು ಅದರ ಜಿಲ್ಲಾ ಕೇಂದ್ರ. ಆದುದರಿಂದ ಈ ಗ್ರಂಥಗಳನ್ನು ಕಾಸರಗೋಡಿನವರು ಹೊರಗಿನವೆಂದು ಎಣಿಸಬೇಕಾಗಿಲ್ಲ. ಮಿಶನ್ನಿನವರ ಮುಖ್ಯ ಉದ್ದೇಶ ಮತಪ್ರಚಾರವಾಗಿತ್ತೆಂಬುದು ನಿಜ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಅವರೊಡನೆ ಕುಳಿತು ಶಬ್ದಗಳಿಗೆ ಅರ್ಥ ಹೇಳಿದವರು, ಓಲೆಗರಿಗಳನ್ನು ಓದಿಕೊಟ್ಟವರು, ಪ್ರಯೋಗಗಳನ್ನು ತಿದ್ದಿದವರು ಈ ನೆಲದ ಪಂಡಿತರು ಮತ್ತು ಸಾಮಾನ್ಯ ಜನ. ಉದ್ದೇಶ ಏನೇ ಇರಲಿ, ಸಂಗ್ರಹವಾದ ನುಡಿಸಂಪತ್ತು ಜನರದ್ದೇ.

ಮರುಹುಟ್ಟಿನ ಎರಡು ಬಗೆ

ಈ ನಿಘಂಟುಗಳ ಮರುಮುದ್ರಣದ ಚರಿತ್ರೆಯೂ ತಿಳಿಯತಕ್ಕದ್ದು. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ ಹುಟ್ಟಿದ ಕಿಟ್ಟೆಲ್, ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಕೆಲಸ ಮಾಡುತ್ತ ಬದುಕಿನ ಬಹುಭಾಗವನ್ನು ಕನ್ನಡಕ್ಕೆ ಮೀಸಲಿಟ್ಟನು. ಸುಮಾರು 70,000 ಶಬ್ದಗಳ ಅವನ ನಿಘಂಟು ಹಳಗನ್ನಡ ಕಾವ್ಯಗಳಿಂದ ಹಿಡಿದು ಗಾದೆಮಾತುಗಳವರೆಗೆ ಪ್ರಯೋಗಗಳನ್ನು ಉದಾಹರಿಸುತ್ತದೆ. ನೆರೆಯ ದ್ರಾವಿಡ ನುಡಿಗಳ ಸಮಾನರೂಪಗಳನ್ನೂ ಕೊಡುತ್ತದೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವನಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವನು ಅದೇ ಊರಿನಲ್ಲಿ ತೀರಿಕೊಂಡನು.

ಕಿಟ್ಟೆಲನ ನಿಘಂಟು ಎರಡು ಬಗೆಯಲ್ಲಿ ಮರುಹುಟ್ಟು ಪಡೆಯಿತು. ಮೊದಲನೆಯದು, ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿ. 1968ರಿಂದ 1971ರ ಅವಧಿಯಲ್ಲಿ ಇದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಮದ್ರಾಸು ವಿಶ್ವವಿದ್ಯಾನಿಲಯ. ಕನ್ನಡದ ಹಿರಿಯ ನಿಘಂಟನ್ನು ಕರ್ನಾಟಕದ ಹೊರಗಿನ ವಿಶ್ವವಿದ್ಯಾನಿಲಯವೊಂದು ಪುನರುದ್ಧರಿಸಿತೆಂಬುದನ್ನು ಗಡಿಯಾಚೆಗಿನ ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಕನ್ನಡದ ಕೆಲಸಕ್ಕೆ ಕರ್ನಾಟಕದ ನೆಲದಲ್ಲೇ ಕುಳಿತಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅದೇ ಮರಿಯಪ್ಪ ಭಟ್ಟರು ಶಂಕರ ಕೆದಿಲಾಯರೊಡನೆ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟೂ 1967ರಲ್ಲಿ ಅಲ್ಲಿಂದಲೇ ಬಂದಿತು.

ಎರಡನೆಯ ಬಗೆ, ಮೂಲದ ಪುಟಗಳ ಛಾಯಾಪ್ರತಿ ತೆಗೆದು ಯಥಾವತ್ತಾಗಿ ಅಚ್ಚುಹಾಕುವುದು. ದೆಹಲಿಯ ಏಷ್ಯನ್ ಎಜುಕೇಶನಲ್ ಸರ್ವಿಸಸ್ ಎಂಬ ಪ್ರಕಾಶನ ಸಂಸ್ಥೆ 1980ರ ದಶಕದಲ್ಲಿ ಕಿಟ್ಟೆಲ್, ಮ್ಯಾನರ್ ಮೊದಲಾದವರ ಗ್ರಂಥಗಳನ್ನು ಹೀಗೆ ಹೊರತಂದಿತು. ಇಂತಹ ಮರುಮುದ್ರಣದಲ್ಲಿ ಹಳೆಯ ಅಚ್ಚಿನ ಮೊಳೆಗಳ ರೂಪ, ಹಳೆಯ ಕಾಗುಣಿತ, ಮೂಲದ ತಪ್ಪುಗಳು ಕೂಡ ಹಾಗೆಯೇ ಉಳಿಯುತ್ತವೆ. ಸಂಶೋಧಕನಿಗೆ ಇದು ವರ. ಏಕೆಂದರೆ ನಡುವೆ ಯಾರೂ ಕೈಯಾಡಿಸಿರುವುದಿಲ್ಲ. ಆದರೆ ಶಾಲೆಯ ಹುಡುಗನಿಗೆ ಅದರಿಂದ ನೇರವಾಗಿ ಪ್ರಯೋಜನವಾಗದು. ಅವನಿಗೆ ಟಿಪ್ಪಣಿ ಬೇಕು, ಪೀಠಿಕೆ ಬೇಕು, ಕೈಗೆಟಕುವ ಬೆಲೆ ಬೇಕು. ಪರಿಷ್ಕರಣ ಮತ್ತು ಯಥಾಪ್ರತಿ ಎಂಬ ಈ ಎರಡು ದಾರಿಗಳಲ್ಲಿ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಎರಡೂ ಬೇಕು.

ಕುಂಬಳೆ: ಓಲೆಗರಿಯಿಂದ ಅಚ್ಚಿಗೆ

ಕಾಸರಗೋಡಿನಿಂದ ಬಡಗಣಕ್ಕೆ ಹೊರಟರೆ ಮೊಗ್ರಾಲಿನ ಹೊಳೆಯನ್ನು ದಾಟಿ ಕುಂಬಳೆಗೆ ಬರಬಹುದು. ಒಂದು ಕಾಲದಲ್ಲಿ ಅರಸುಮನೆತನವೊಂದರ ರಾಜಧಾನಿಯಾಗಿದ್ದ ಈ ಊರಿನ ನಡುವೆ ಕಣಿಪುರ ಗೋಪಾಲಕೃಷ್ಣನ ದೇವಾಲಯವಿದೆ. ಈ ದೇವರ ಹೆಸರು ಯಕ್ಷಗಾನದ ಪದಗಳಲ್ಲಿ ಅಂಕಿತವಾಗಿ ಸೇರಿಕೊಂಡು ಊರಿಂದೂರಿಗೆ ಹೋಯಿತು. ಹಾಗೆ ಹಾಡಿದ ಕವಿ ಪಾರ್ತಿಸುಬ್ಬ. ತಾಯಿ ಪಾರ್ವತಿಯ ಹೆಸರೇ ‘ಪಾರ್ತಿ’ಯಾಗಿ ಅವನ ಹೆಸರಿನ ಮುಂದೆ ನಿಂತಿತೆಂದು ಪ್ರತೀತಿ. ಪಂಚವಟಿ, ವಾಲಿ–ಸುಗ್ರೀವರ ಕಾಳಗ, ಸೇತುಬಂಧ, ಅಂಗದಸಂಧಾನ, ಕುಂಭಕರ್ಣ ಕಾಳಗ ಮುಂತಾದ ರಾಮಾಯಣ ಪ್ರಸಂಗಗಳು ತೆಂಕುತಿಟ್ಟಿನ ಮೇಳಗಳ ಜೀವಾಳವಾಗಿ ಇಂದಿಗೂ ಆಡಲ್ಪಡುತ್ತಿವೆ.

ಪಾರ್ತಿಸುಬ್ಬನ ಕಾಲ, ದೇಶ, ಕರ್ತೃತ್ವ ಮೂರೂ ವಿವಾದಕ್ಕೆ ಒಳಗಾದವು. ಈ ರಾಮಾಯಣ ಪ್ರಸಂಗಗಳ ಕರ್ತೃತ್ವವನ್ನು ಕುಂಬಳೆಯ ಸುಬ್ಬನಿಗೆ ಒಪ್ಪಿಸುವುದಕ್ಕೆ ಶಿವರಾಮ ಕಾರಂತರು ಒಡಂಬಡಲಿಲ್ಲ. ಅಜಪುರ, ಅಂದರೆ ಬ್ರಹ್ಮಾವರದ ಕಡೆಗೆ ಅವರು ಬೆರಳು ತೋರಿದರು. ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನ ಪರವಾಗಿ ಗ್ರಂಥವನ್ನೇ ರಚಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಓಲೆಪ್ರತಿಗಳನ್ನು ಹೋಲಿಸಿ, ಪಾಠಗಳನ್ನು ಪರಿಶೋಧಿಸಿ, ದೀರ್ಘವಾದ ಪೀಠಿಕೆಯೊಡನೆ ‘ಪಾರ್ತಿಸುಬ್ಬನ ಯಕ್ಷಗಾನಗಳು’ ಎಂಬ ಸಂಪುಟವನ್ನು ಸಿದ್ಧಪಡಿಸಿದರು. 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು. ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಪಾರ್ತಿಸುಬ್ಬನ ಪದಗಳಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹಳವಾಗಿ ಚರ್ಚಿಸಿದ್ದಾರೆ. ಯಾರಿಂದ ಯಾರು ಪಡೆದರೆಂಬುದು ಒತ್ತಟ್ಟಿಗಿರಲಿ, ಕನ್ನಡದ ಆಟಕ್ಕೂ ಮಲಯಾಳದ ಆಟಕ್ಕೂ ನಡುವೆ ಕೊಡುಕೊಳೆ ನಡೆಯಲು ಕುಂಬಳೆಗಿಂತ ಸಹಜವಾದ ತಾಣ ಇನ್ನೊಂದಿಲ್ಲ.

ಪಾರ್ತಿಸುಬ್ಬ ತನ್ನ ಕೃತಿಯನ್ನು ಅಚ್ಚಿನಲ್ಲಿ ಕಂಡವನಲ್ಲ. ಅವನ ಪದಗಳು ಹತ್ತೊಂಬತ್ತನೆಯ ಶತಮಾನವನ್ನು ಭಾಗವತರ ಕಂಠದಲ್ಲಿಯೂ ಓಲೆಗರಿಗಳಲ್ಲಿಯೂ ಕಳೆದವು. ಬಳಿಕ ಉಡುಪಿಯ ಪಾವಂಜೆ ಗುರುರಾಯರ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದಂತಹ ಪ್ರಕಾಶನಗಳು ಪ್ರಸಂಗಗಳನ್ನು ತೆಳುವಾದ, ಅಗ್ಗದ ಪುಸ್ತಕಗಳಾಗಿ ಮುದ್ರಿಸಿದವು. ಭಾಗವತರ ಚೀಲದಲ್ಲಿ, ಅರ್ಥಧಾರಿಗಳ ಕೈಯಲ್ಲಿ, ತಾಳಮದ್ದಲೆಯ ಚಾವಡಿಯಲ್ಲಿ ಆ ಪುಸ್ತಕಗಳು ಸವೆದು ಹರಿದುಹೋಗುವಷ್ಟು ಬಳಕೆಯಾದವು. ಪುಸ್ತಕದಂಗಡಿಯ ದೃಷ್ಟಿಯಿಂದ ಅವು ಗಣ್ಯ ಪ್ರಕಟಣೆಗಳಲ್ಲ. ಆದರೆ ಓದುಬರಹ ಹೆಚ್ಚು ತಿಳಿಯದ ಮನೆಗಳಲ್ಲಿಯೂ ಕನ್ನಡದ ಕಾವ್ಯಭಾಷೆ ಉಳಿದುಕೊಂಡದ್ದು ಇವುಗಳಿಂದ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಪ್ರೇಕ್ಷಕನೂ ರಾತ್ರಿಯಿಡೀ ಕನ್ನಡದ ಪದ ಕೇಳಿ, ಕನ್ನಡದ ಅರ್ಥಕ್ಕೆ ತಲೆದೂಗಿದನು. ಕಾಸರಗೋಡಿನಲ್ಲಿ ಕನ್ನಡವು ಮಾತೃಭಾಷೆಯ ಎಲ್ಲೆಯನ್ನು ದಾಟಿ ಸಾಂಸ್ಕೃತಿಕ ಭಾಷೆಯಾದುದರ ಗುಟ್ಟು ಇಲ್ಲಿದೆ. ಈಚೆಗೆ ಯಕ್ಷವಾಹಿನಿಯಂತಹ ಉತ್ಸಾಹಿ ಬಳಗಗಳು ಹಳೆಯ ಪ್ರಸಂಗಪ್ರತಿಗಳನ್ನು ಕಲೆಹಾಕಿ ಗಣಕಕ್ಕೆ ಏರಿಸುತ್ತಿರುವುದು ಅದೇ ಕೆಲಸದ ಮುಂದುವರಿಕೆ.

ಪ್ರಸಂಗಕರ್ತರ ಮಾತು ಬಂದಾಗ ನಂದಳಿಕೆಯ ಲಕ್ಷ್ಮೀನಾರಣಪ್ಪನನ್ನು, ಅಂದರೆ ಮುದ್ದಣನನ್ನು, ಬಿಡುವಂತಿಲ್ಲ. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಈ ವ್ಯಾಯಾಮ ಶಿಕ್ಷಕ ಯಕ್ಷಗಾನ ಪ್ರಸಂಗಗಳನ್ನು ಬರೆದುದಲ್ಲದೆ ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ಹಳಗನ್ನಡದಲ್ಲಿ ರಚಿಸಿದನು. ಅವು ಮೈಸೂರಿನ ಕಾವ್ಯಮಾಲೆಗಳಲ್ಲಿ ಬೆಳಕು ಕಂಡವು. ತನ್ನ ಕೃತಿಯನ್ನು ಪ್ರಾಚೀನ ಕಾವ್ಯವೆಂಬಂತೆ ಕಳುಹಿಸಿ ಹೆಸರನ್ನು ಮರೆಯಾಗಿಟ್ಟ ಆ ಕವಿಯನ್ನು ನಾಡು ಗುರುತಿಸಿದ್ದು ಅವನು ತೀರಿಕೊಂಡ ಮೇಲೆ. ಅವನು ಬದುಕಿದ್ದ ಮೂವತ್ತೊಂದು ವರ್ಷಗಳಿಗಿಂತ ಅವನ ಪುಸ್ತಕಗಳ ಮರುಮುದ್ರಣಗಳ ಆಯುಸ್ಸೇ ದೀರ್ಘವಾಯಿತು.

ಹೊಳೆಯ ಎರಡು ದಡದ ಕಾದಂಬರಿಗಳು

ಇದೇ ಶತಮಾನದ ಕೊನೆಯಲ್ಲಿ ಚಂದ್ರಗಿರಿಯ ಎರಡೂ ಕಡೆಗಳಲ್ಲಿ ಎರಡು ಕಾದಂಬರಿಗಳು ಹುಟ್ಟಿದವು. ಮಲಬಾರಿನಲ್ಲಿ ನ್ಯಾಯಾಧೀಶರಾಗಿದ್ದ ಒ. ಚಂದುಮೇನೋನರ ‘ಇಂದುಲೇಖಾ’ 1889ರಲ್ಲಿ ಪ್ರಕಟವಾಯಿತು. ಸರಿಯಾಗಿ ಹತ್ತು ವರ್ಷಗಳ ಬಳಿಕ, 1899ರಲ್ಲಿ, ದಕ್ಷಿಣ ಕನ್ನಡದಲ್ಲಿ ಪೋಲೀಸ್ ಅಧಿಕಾರಿಯಾಗಿದ್ದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಕೀರ್ತಿ ಅದಕ್ಕೆ ಸಂದಿದೆ. ಚಂದುಮೇನೋನರು 1847ರಲ್ಲಿ ಹುಟ್ಟಿದವರು, ವೆಂಕಟರಾಯರು 1844ರಲ್ಲಿ. ಇಬ್ಬರೂ ಸರಕಾರಿ ಸೇವೆಯಲ್ಲಿದ್ದುಕೊಂಡು ಮನೆಯ ಒಳಗಿನ ಅನ್ಯಾಯವನ್ನು ಕಂಡವರು. ಇಬ್ಬರ ಕಥಾನಾಯಿಕೆಯರೂ ವಿದ್ಯೆಯ ಬಲದಿಂದ ತಮ್ಮ ಬಾಳನ್ನು ತಾವೇ ನಿರ್ಧರಿಸುವವರು. ಇಂದುಲೇಖೆ ತನಗೆ ಒಪ್ಪದ ಸಂಬಂಧವನ್ನು ನಿರಾಕರಿಸುತ್ತಾಳೆ. ಎಳವೆಯಲ್ಲೇ ವಿಧವೆಯಾದ ಇಂದಿರೆ ಮನೆಬಿಟ್ಟು, ಓದಿ, ಮರುವಿವಾಹವಾಗುತ್ತಾಳೆ.

ಇಂದಿರಾಬಾಯಿಯ ಕಥೆ ನಡೆಯುವ ಕಮಲಪುರ ಕಲ್ಪಿತ ಹೆಸರು. ಆದರೆ ಅದರ ಬೀದಿ, ಕಚೇರಿ, ಲಂಚಗುಳಿತನ, ಮಠ, ಸಾರಸ್ವತ ಮನೆವಾರ್ತೆಗಳು ಮಂಗಳೂರಿನವೆಂದು ಓದುಗರು ಬಹುಬೇಗ ಗುರುತಿಸಿದರು. ಅಂದಿನ ಕಲೆಕ್ಟರ್ ಕೌಚ್‌ಮನ್ ಅದನ್ನು 1903ರಲ್ಲಿ ಇಂಗ್ಲಿಷಿಗೆ ಅನುವಾದಿಸಿದನು. ಬಳಿಕ ಕಾದಂಬರಿ ಬಹುಕಾಲ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಹೆಸರಾಗಿ ಮಾತ್ರ ಉಳಿಯಿತು. ಮರುಮುದ್ರಣಗಳು ಬಂದವು, ಮುಗಿದವು, ನಡುವೆ ಅಂತರ ಬಿದ್ದಿತು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಇಂಗ್ಲಿಷ್ ಅನುವಾದ ಬಂದಾಗ ಮತ್ತೊಮ್ಮೆ ಅದರ ಕಡೆಗೆ ಗಮನ ಹರಿಯಿತು. ಇಂದುಲೇಖೆಯಾದರೋ ಮಲಯಾಳದ ಓದುಗರ ಕೈಬಿಟ್ಟುಹೋದದ್ದೇ ಇಲ್ಲ. ಕೇರಳದ ಪುಸ್ತಕದಂಗಡಿಗಳಲ್ಲಿ ಅದು ಇಂದಿಗೂ ಸುಲಭವಾಗಿ ಸಿಗುತ್ತದೆ.

ಆದರೆ ಇಂದುಲೇಖೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಹಲವು ದಶಕಗಳ ಕಾಲ ಜನರು ಓದಿದ ಪುಸ್ತಕವು ಗ್ರಂಥಕರ್ತರು ಅಚ್ಚುಹಾಕಿಸಿದ ಮೂಲಕ್ಕೆ ಪೂರ್ಣವಾಗಿ ಹೊಂದುವುದಿಲ್ಲವೆಂಬುದು ಹಳೆಯ ಮುದ್ರಣದ ಪ್ರತಿ ದೊರೆತ ಮೇಲೆ ತಿಳಿದುಬಂದಿತು. ಮರುಮುದ್ರಣಗಳು ಒಂದರ ಹಿಂದೊಂದು ಬಂದಂತೆ ಯಾವುದೋ ಒಂದು ಹಂತದಲ್ಲಿ ಪಾಠ ಬದಲಾಗಿತ್ತು. ಮುಂದಿನವರು ಅದನ್ನೇ ನಕಲು ಮಾಡಿದರು. ಪುಸ್ತಕ ಲಭ್ಯವಿರುವುದೊಂದೇ ಸಾಲದು. ಲಭ್ಯವಿರುವುದು ಯಾವ ಪುಸ್ತಕವೆಂದು ಕೇಳುವವರೂ ಬೇಕು. ಕನ್ನಡದಲ್ಲಿ ಹತ್ತೊಂಬತ್ತನೆಯ ಶತಮಾನದ ಗದ್ಯವನ್ನು ಮತ್ತೆ ಮುದ್ರಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಂದಿನ ಸಂಧಿಗಳನ್ನು ಬಿಡಿಸಿ, ‘ವಿಜಯವು’ ಎಂಬುದನ್ನು ‘ವಿಜಯ’ವೆಂದು ಮಾಡಿ, ಹಳೆಯ ಕಾಗುಣಿತವನ್ನು ತಿದ್ದಿ ಸುಲಭಗೊಳಿಸುವ ಆಸೆ ಸಹಜವಾದುದು. ಆದರೆ ಎಲ್ಲಿ ತಿದ್ದಿದೆ, ಎಷ್ಟು ತಿದ್ದಿದೆ ಎಂಬುದನ್ನು ಪೀಠಿಕೆಯಲ್ಲಿ ಹೇಳದಿದ್ದರೆ ಮುಂದಿನ ತಲೆಮಾರಿಗೆ ಮೂಲವೇ ಇಲ್ಲವಾಗುತ್ತದೆ.

ಮಂಜೇಶ್ವರದ ಗ್ರಂಥಭಂಡಾರ

ಉಪ್ಪಳವನ್ನು ದಾಟಿ ಮಂಜೇಶ್ವರಕ್ಕೆ ಬಂದರೆ ಅನಂತೇಶ್ವರನ ದೇವಾಲಯ, ಹೊಳೆ, ಕಡಲು ಮತ್ತು ಗೋವಿಂದ ಪೈಗಳ ಮನೆ. 1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿಯೇ ಹುಟ್ಟಿದ ಪೈಗಳು ಬಾಳಿದ್ದೂ ಇಲ್ಲಿ. ಮನೆಮಾತು ಕೊಂಕಣಿ, ಕಾವ್ಯದ ಮಾತು ಕನ್ನಡ. ಅಧ್ಯಯನಕ್ಕೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳು. 1949ರಲ್ಲಿ ಅಂದಿನ ಮದ್ರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು. ‘ಗಿಳಿವಿಂಡು’, ‘ಗೊಲ್ಗೊಥಾ’, ‘ವೈಶಾಖಿ’ಗಳನ್ನು ಬರೆದ ಕವಿ ಅವರೆಂಬುದನ್ನು ಎಲ್ಲರೂ ಬಲ್ಲರು. ಅವರು ಹತ್ತೊಂಬತ್ತನೆಯ ಶತಮಾನದ ಮುದ್ರಿತ ಗ್ರಂಥಗಳ ಮಹಾ ಓದುಗರೂ ಆಗಿದ್ದರೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಕಿಟ್ಟೆಲನ ಪೀ‍ಳಿಗೆಯು ಹಳಗನ್ನಡ ಗ್ರಂಥಗಳನ್ನು ಅಚ್ಚಿಗೆ ತಂದಿರದಿದ್ದರೆ, ಶಾಸನಗಳ ಸಂಪುಟಗಳು ಪ್ರಕಟವಾಗಿರದಿದ್ದರೆ, ಕಡಲ ತಡಿಯ ಸಣ್ಣ ಊರೊಂದರಲ್ಲಿ ಕುಳಿತು ಕವಿಗಳ ಕಾಲನಿರ್ಣಯ ಮಾಡುವುದು ಸಾಧ್ಯವಿರಲಿಲ್ಲ. ವಿಶ್ವವಿದ್ಯಾನಿಲಯವಿಲ್ಲದ ಊರಿನಲ್ಲಿ ಪುಸ್ತಕಗಳೇ ವಿಶ್ವವಿದ್ಯಾನಿಲಯವಾದುವು.

1963ರ ಸೆಪ್ಟೆಂಬರ್ 6ರಂದು ಪೈಗಳು ತೀರಿಕೊಂಡರು. ಅವರ ಸಾವಿರಾರು ಗ್ರಂಥಗಳ ಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ಅವರ ಚದುರಿದ ಸಂಶೋಧನ ಲೇಖನಗಳು ಒಂದುಗೂಡಿ 1995ರಲ್ಲಿ ‘ಗೋವಿಂದ ಪೈ ಸಂಶೋಧನ ಸಂಪುಟ’ವಾಗಿ ಪ್ರಕಟವಾದವು. ಮ್ಯಾನರನ ನಿಘಂಟಿಗೆ ನೂರು ವರ್ಷ ಕಳೆದ ಮೇಲೆ, 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಪ್ರೊ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ‘ತುಳು ನಿಘಂಟು’ ಹೊರಬಂದುದೂ ಅದೇ ಕೇಂದ್ರದಿಂದ. ಒಬ್ಬ ಓದುಗನ ಗ್ರಂಥಭಂಡಾರದ ಸುತ್ತ ಹೊಸ ಗ್ರಂಥಗಳು ಹುಟ್ಟುವ ಬಗೆ ಇದು. ಮಂಜೇಶ್ವರದಲ್ಲಿ ಕವಿಯ ಮನೆಯ ಆವರಣದಲ್ಲಿ ಎದ್ದಿರುವ ‘ಗಿಳಿವಿಂಡು’ ಸ್ಮಾರಕವು ಅದೇ ಬಗೆಯ ಕೆಲಸಕ್ಕೆ ಯೋಗ್ಯವಾದ ತಾಣ.

ತುಳುವಿನ ಹಳೆಯ ಕಾವ್ಯಗಳ ಮಾತಿನಲ್ಲಿ ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರನ್ನು ಸ್ಮರಿಸಲೇಬೇಕು. ತಿಗಳಾರಿ ಲಿಪಿಯ ಓಲೆಗರಿಗಳಲ್ಲಿ ಅಡಗಿದ್ದ ‘ಶ್ರೀ ಭಾಗವತೊ’, ‘ಕಾವೇರಿ’ ಮೊದಲಾದ ತುಳು ಕಾವ್ಯಗಳನ್ನು ಅವರು ಪತ್ತೆಹಚ್ಚಿ, ಕನ್ನಡ ಲಿಪಿಗೆ ತಂದು, ಸಂಪಾದಿಸಿ ಪ್ರಕಟಿಸಿದರು. ತುಳುವಿನಲ್ಲಿ ಪ್ರಾಚೀನ ಲಿಖಿತ ಸಾಹಿತ್ಯವಿಲ್ಲವೆಂಬ ಮಾತಿಗೆ ಅದರಿಂದ ತೆರೆಬಿದ್ದಿತು. ಇದು ನಡೆದದ್ದು ಯಾವುದೇ ರಾಜಧಾನಿಯಲ್ಲಲ್ಲ, ಈ ಜಿಲ್ಲೆಯ ಒಂದು ಹಳ್ಳಿಮನೆಯಲ್ಲಿ.

ಮುಂದಿನ ಕೆಲಸ

2018ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಗುಂಡರ್ಟನ ಸಂಗ್ರಹವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಮಲಯಾಳದ ಜೊತೆಗೆ ಕನ್ನಡ, ತುಳು ಮುಂತಾದ ನುಡಿಗಳ ಹಳೆಯ ಮುದ್ರಣಗಳೂ ಅದರಲ್ಲಿವೆ. ಒಂದೂವರೆ ಶತಮಾನದ ಹಿಂದೆ ಕಡಲು ದಾಟಿ ಹೋದ ಪುಟಗಳು ಹೀಗೆ ಹಿಂದಿರುಗಿವೆ. ಗ್ರಂಥ ಸಿಗುವುದಿಲ್ಲವೆಂಬ ಹಳೆಯ ಸಬೂಬು ಇನ್ನು ನಡೆಯದು. ಕೊರತೆಯಿರುವುದು ಓದುಗರಲ್ಲಿ, ಅವರನ್ನು ಗ್ರಂಥದ ಬಳಿಗೆ ಕರೆತರುವ ವ್ಯವಸ್ಥೆಯಲ್ಲಿ.

ಈ ಕೊರತೆ ಕಾಸರಗೋಡಿಗೆ ಬೇರೆಡೆಗಿಂತ ಹೆಚ್ಚು ಹತ್ತಿರದ್ದು. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾದ ಈ ನಾಡಿನಲ್ಲಿ ಕನ್ನಡದ ಮಕ್ಕಳು ಮಲಯಾಳವನ್ನು ಕಲಿಯುತ್ತಾರೆ. 2017ರ ಮಲಯಾಳ ಕಲಿಕೆಯ ಕಾಯಿದೆಯ ಬಳಿಕ ಆ ಚರ್ಚೆ ಮತ್ತಷ್ಟು ಬಿರುಸಾಯಿತು. ಮಲಯಾಳವನ್ನು ಕಲಿಯುವುದು ನಷ್ಟವಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡಕ್ಕಾಗಿ ಹೋರಾಡುತ್ತಲೇ ಕುಮಾರನ್ ಆಶಾನರನ್ನು ಕನ್ನಡಕ್ಕೆ ತಂದರು. ನಷ್ಟವಾಗುವುದು ಕನ್ನಡವನ್ನು ಕೇವಲ ಪರೀಕ್ಷೆಯ ವಿಷಯವಾಗಿ ಉಳಿಸಿಕೊಂಡಾಗ. ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ತನ್ನ ಊರಿನ ಕವಿಯ ‘ಪಂಚವಟಿ’ಯ ಒಳ್ಳೆಯ ಪ್ರತಿ ಸಿಗದಿದ್ದರೆ, ತನ್ನ ಅಜ್ಜಿಯ ಕಾಲದ ವಿಧವೆಯರ ಕಥೆ ಹೇಳುವ ಕಾದಂಬರಿಯ ಹೆಸರನ್ನೇ ಅವಳು ಕೇಳದಿದ್ದರೆ, ಕನ್ನಡ ಅವಳಿಗೆ ಅಂಕಪಟ್ಟಿಯ ಒಂದು ಸಾಲಾಗಿ ಮುಗಿಯುತ್ತದೆ.

ಇದಕ್ಕೆ ಪರಿಹಾರ ಸರಕಾರದ ದೊಡ್ಡ ಯೋಜನೆಯೇ ಆಗಬೇಕೆಂದಿಲ್ಲ. ಕೇರಳದ ಗ್ರಂಥಾಲಯ ಚಳವಳಿ ಬಲಿಷ್ಠವಾದುದು. ಪಿ. ಎನ್. ಪಣಿಕ್ಕರರು ಹುಟ್ಟುಹಾಕಿದ ಆ ಪರಂಪರೆಯಿಂದಾಗಿ ಹಳ್ಳಿಹಳ್ಳಿಗಳಲ್ಲಿ ವಾಚನಾಲಯಗಳಿವೆ. ಜೂನ್ 19ನ್ನು ವಾಚನದಿನವಾಗಿ ಆಚರಿಸುತ್ತಾರೆ. ಗಡಿನಾಡಿನ ಕನ್ನಡ ವಾಚನಾಲಯಗಳು ಆ ದಿನಕ್ಕೆ ವರ್ಷಕ್ಕೊಂದು ಹಳೆಯ ಗ್ರಂಥವನ್ನು ಆರಿಸಿಕೊಳ್ಳಬಹುದು. ಮೊದಲನೆಯ ವರ್ಷ ಪಾರ್ತಿಸುಬ್ಬನ ಒಂದು ಪ್ರಸಂಗ: ಪರಿಶೋಧಿತ ಪಾಠ, ಕಠಿಣ ಶಬ್ದಗಳ ಅರ್ಥ, ಎರಡು ಪುಟದ ಪರಿಚಯ, ಭಾಗವತರೊಬ್ಬರ ಹಾಡುಗಾರಿಕೆ. ಎರಡನೆಯ ವರ್ಷ ಇಂದುಲೇಖಾ ಮತ್ತು ಇಂದಿರಾಬಾಯಿಗಳ ಜೋಡಿ ಓದು. ಎರಡೂ ಭಾಷೆ ಬಲ್ಲ ಈ ಜಿಲ್ಲೆಯ ಯುವಕರಿಗಿಂತ ಅದಕ್ಕೆ ತಕ್ಕವರು ಎಲ್ಲಿದ್ದಾರೆ? ಮೂರನೆಯ ವರ್ಷ 1872ರ ಮೂರು ಗ್ರಂಥಗಳಿಂದ ಆಯ್ದ ಶಬ್ದಗಳ ಒಂದು ಕಿರುಹೊತ್ತಗೆ. ಅದರಲ್ಲಿ ಒಂದೇ ಮರ, ಒಂದೇ ಮೀನು, ಒಂದೇ ನೆಂಟಸ್ತಿಕೆಗೆ ಕನ್ನಡ, ತುಳು, ಮಲಯಾಳಗಳಲ್ಲಿ ಇರುವ ಹೆಸರುಗಳು ಅಕ್ಕಪಕ್ಕದಲ್ಲಿರಲಿ. ಕಿಟ್ಟೆಲ್, ಗುಂಡರ್ಟ್, ಮ್ಯಾನರ್ ಎಲ್ಲರೂ ತೀರಿಕೊಂಡು ಬಹುಕಾಲವಾಗಿರುವುದರಿಂದ ಅವರ ಗ್ರಂಥಗಳ ಮೇಲೆ ಯಾರ ಹಕ್ಕಿನ ತೊಡಕೂ ಇಲ್ಲ. ಬೇಕಾದುದು ಕಾಗದದ ಖರ್ಚು ಮತ್ತು ಕರಡು ತಿದ್ದುವ ತಾಳ್ಮೆ.

ಮಂಜೇಶ್ವರದಿಂದ ಮುಂದೆ ಕೆಲವೇ ಕಿಲೋಮೀಟರ್ ಸಾಗಿದರೆ ತಲಪಾಡಿ. ಅಲ್ಲಿಂದಾಚೆ ಕರ್ನಾಟಕ. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಮಿಶನ್ನಿನ ಹಳೆಯ ಗ್ರಂಥಗಳನ್ನು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ. ಗಡಿಯ ಈಚೆಗಿನ ವಾಚನಾಲಯಗಳ ಕಾರ್ಯದರ್ಶಿಗಳೂ ಕನ್ನಡ ಅಧ್ಯಾಪಕರೂ ಒಂದು ದಿನದ ಬಸ್ಸಿನ ಪ್ರಯಾಣದಲ್ಲಿ ಅದನ್ನು ನೋಡಿಬರಬಹುದು. ಮರುಮುದ್ರಣಕ್ಕೆ ಯಾವ ಗ್ರಂಥ ಮೊದಲು ಎಂಬ ಪಟ್ಟಿಯನ್ನು ಅಲ್ಲಿಯೇ ಕುಳಿತು ಬರೆಯಬಹುದು.